ಮಿಲಿಟರಿ ಗಾಡಿ ತಗೊಳ್ಳೋ ಮುಂಚೆ: ಜೋಂಗಾನಾ, ಜಿಪ್ಸಿನಾ, ನಿಸ್ಸಾನ್ ಒನ್ ಟನ್ನಾ?

ಪ್ರಶ್ನೆ: ಸರ್ ನಮಸ್ಕಾರ. ಸಕಲೇಶಪುರದ ಹತ್ರ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ, ಜೊತೆಗೆ ಸ್ವಲ್ಪ ಮೆಣಸು. ಮನೆಯಿಂದ ಕೆಳಗಿನ ಬ್ಲಾಕಿಗೆ ಎರಡು ಕಿಲೋಮೀಟರ್ ಮಣ್ಣು ದಾರಿ, ಮಧ್ಯೆ ಒಂದು ಹಳ್ಳ, ಆಮೇಲೆ ಒಂದು ಕಡಿದಾದ ಏರು. ಮಳೆಗಾಲದಲ್ಲಿ ಪಿಕಪ್ ಹೋಗಲ್ಲ. ಮಿಲಿಟರಿ ಹರಾಜಿನ ಗಾಡಿ ತಗೊಳ್ಳೋಣ ಅಂತಿದೀನಿ. ಅಣ್ಣ ಮಾರುತಿ ಜಿಪ್ಸಿ ಅಂತಾನೆ, ಮಾವ ಹಳೇ ಮಿಲಿಟರಿ ಜೀಪ್ ಜೋಂಗಾ ಅಂತಾರೆ, ಪಕ್ಕದ ತೋಟದೋರು ಮಿಲಿಟರಿ ಟ್ರಕ್ಕು ನಿಸ್ಸಾನ್ ಒನ್ ಟನ್ ತಗೋ ಒಂದೇ ಸಲಕ್ಕೆ ಎಲ್ಲಾ ಮೂಟೆ ಬರುತ್ತೆ ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ: ನಮಸ್ಕಾರ. ನೀವು ದಾರಿ ಹೆಂಗಿದೆ ಅಂತ ಬರೆದಿದ್ದು ತುಂಬಾ ಒಳ್ಳೇದಾಯ್ತು, ಎಷ್ಟೋ ಜನ ಬರೀ "ಯಾವ ಗಾಡಿ ಬೆಸ್ಟ್" ಅಂತ ಕೇಳ್ತಾರೆ, ದಾರಿ, ಹೊರೆ, ರಿಪೇರಿ ಮಾಡೋರು ಯಾರು ಅನ್ನೋದು ಗೊತ್ತಿಲ್ದೆ ಅದಕ್ಕೆ ಉತ್ತರ ಹೇಳೋಕಾಗಲ್ಲ.

ಮೊದಲು ಹೊರೆ ಲೆಕ್ಕ ಹಾಕೋಣ. ಚೆರ್ರಿ ಮೂಟೆ ಅಂದ್ರೆ 50 ಕೆಜಿ. ಜಿಪ್ಸಿ ಮಿಲಿಟರಿಯಲ್ಲಿ 500 ಕೆಜಿ ಕ್ಲಾಸಿನ ಗಾಡಿ, ಡ್ರೈವರ್ ಜೊತೆ ಇನ್ನೊಬ್ಬರು ಕೂತ್ರೆ ಹಿಂದೆ ಏಳು ಮೂಟೆ ನೆಮ್ಮದಿಯಾಗಿ ಹೋಗುತ್ತೆ, ಅದರ ಮೇಲೆ ಹಾಕಿದ್ರೆ ಏರಲ್ಲಿ ಮುಂದಿನ ಚಕ್ರ ಹಗುರ ಆಗಿ ಸ್ಟೀರಿಂಗ್ ಮಾತು ಕೇಳಲ್ಲ. ನಿಸ್ಸಾನ್ ಒನ್ ಟನ್ ಹೆಸರೇ ಹೇಳೋ ಹಾಗೆ ಒಂದು ಟನ್, ಅಂದ್ರೆ ಇಪ್ಪತ್ತು ಮೂಟೆ. ಪಕ್ಕದ ತೋಟದೋರ ಮಾತು ಕಾಗದದ ಮೇಲೆ ಸರಿಯಾಗೇ ಇದೆ. ಆದ್ರೆ ಹನ್ನೆರಡು ಎಕರೆ ತೋಟದಲ್ಲಿ ಒಂದೇ ದಿನಕ್ಕೆ ಇಪ್ಪತ್ತು ಮೂಟೆ ಇಳಿಸ್ಬೇಕಾದ ದಿನ ವರ್ಷಕ್ಕೆ ಎಷ್ಟು ಬರುತ್ತೆ ನೀವೇ ಯೋಚ್ನೆ ಮಾಡಿ, ಕೊಯ್ಲಿನ ಸಮಯದ ಕೆಲವು ದಿನ ಅಷ್ಟೇ, ಆ ದಿನ ಜಿಪ್ಸಿ ಮೂರು ಟ್ರಿಪ್ ಹೊಡೀಲಿ, ಎರಡು ಕಿಲೋಮೀಟರ್ ತಾನೇ. ಉಳಿದ ದಿನ ಗೊಬ್ಬರ, ಸ್ಪ್ರೇ ಡ್ರಮ್, ಕೆಲಸದೋರು, ಸಂತೆ ಸಾಮಾನು ಇದಕ್ಕೇ ಗಾಡಿ ಓಡೋದು.

ಇನ್ನು ಎಂಜಿನ್ ವಿಚಾರ. ಜೋಂಗಾ, ನಿಸ್ಸಾನ್ ಒನ್ ಟನ್ ಎರಡೂ ಜಬಲ್ಪುರದಲ್ಲಿ ನಿಸ್ಸಾನ್ ಲೈಸೆನ್ಸ್ ಮೇಲೆ ತಯಾರಾದ ಗಾಡಿಗಳು, ಎರಡಕ್ಕೂ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಎಂಜಿನ್. ಆ ಎಂಜಿನ್ನಿನ ಎಳೆತ ಅನುಭವಿಸಿದೋರಿಗೇ ಗೊತ್ತು, ಕಡಿಮೆ ಆರ್‌ಪಿಎಂನಲ್ಲೇ ಗೊಣಗದೆ ಏರು ಹತ್ತುತ್ತೆ, ನನಗೂ ಆ ಸದ್ದು ಕೇಳಿದ್ರೆ ಈಗಲೂ ಮೈ ಜುಂ ಅನ್ನುತ್ತೆ. ಆದ್ರೆ ತೋಟದ ದಾರೀಲಿ ಫಸ್ಟು ಸೆಕೆಂಡಲ್ಲಿ ಓಡ್ಸಿದ್ರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಸಿಕ್ಕಿದ್ರೆ ಪುಣ್ಯ. ಅದಕ್ಕೇ ಹೊರಗಡೆ ಇರೋ ಜೋಂಗಾಗಳಲ್ಲಿ ಎಷ್ಟೋ ಗಾಡಿಗೆ ಯಾವ್ಯಾವುದೋ ಡೀಸೆಲ್ ಎಂಜಿನ್ ಕೂರಿಸಿದಾರೆ, ಹಂಗೆ ಕೂರಿಸಿದ್ದು ಆರ್‌ಸಿಯಲ್ಲಿ ನಮೂದಾಗಿದ್ಯಾ ಇಲ್ವಾ ಅನ್ನೋದು ಬೇರೆ ತಲೆನೋವು.

ನಿಮ್ಮ ಲಿಸ್ಟಲ್ಲಿ ಇಲ್ಲದ ಒಂದು ಗಾಡಿ ಹೇಳ್ತೀನಿ, ಮಹೀಂದ್ರಾ ಎಂಎಂ 540, ಇಲ್ಲಾ ಎಂಎಂ 550. ಇವೂ ಸೇನೆಯಲ್ಲಿ ಓಡಿದ ಗಾಡಿಗಳೇ. 540ರಲ್ಲಿ ಪೂಜೋ ಮೂಲದ 2.1 ಲೀಟರ್ ಡೀಸೆಲ್, 550ರಲ್ಲಿ 2.5 ಲೀಟರಿನದು. ಸ್ಪೀಡ್ ಇಲ್ಲ, ಹೊಗೆ ಜಾಸ್ತಿ, ಒಳಗೆ ಕೂತ್ರೆ ಸದ್ದಿಗೆ ಮಾತಾಡೋಕಾಗಲ್ಲ, ಎಲ್ಲಾ ನಿಜ. ಆದ್ರೆ ಹೊರೆ ಹಾಕ್ಕೊಂಡು ಇಳಿಜಾರಲ್ಲಿ ಇಳಿಯುವಾಗ ಲೋ ರೇಂಜಲ್ಲಿ, ಅಂದ್ರೆ ಫೋರ್ ವೀಲ್ ಗಾಡಿಗಳ ನಿಧಾನ ಓಟದ ಗೇರಲ್ಲಿ, ಫಸ್ಟ್ ಗೇರಿಗೆ ಹಾಕಿ ಬಿಟ್ರೆ ಬ್ರೇಕ್ ಮುಟ್ಟದೆ ಎಮ್ಮೆ ನಡೆದಂಗೆ ಇಳಿಯುತ್ತೆ. ಮುಖ್ಯವಾಗಿ ಸಕಲೇಶಪುರ ಮೂಡಿಗೆರೆ ಕಡೆ ಯಾವ ಮೂಲೆಯ ಗ್ಯಾರೇಜಿಗೆ ಹೋದ್ರೂ ಮಹೀಂದ್ರಾ ಜೀಪ್ ಬಿಚ್ಚಿ ಕಟ್ಟೋ ಹುಡುಗರು ಇದಾರೆ, ಯುಜೆ ಕ್ರಾಸ್, ಕ್ಲಚ್ ಪ್ಲೇಟು, ಬ್ರೇಕ್ ಕಿಟ್ ಹಾಸನದಲ್ಲೇ ಸಿಗುತ್ತೆ. ಜೋಂಗಾಗೆ ಒಂದು ಗೇರ್‌ಬಾಕ್ಸ್ ಪಾರ್ಟು ಬೇಕಂದ್ರೆ ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರ ಗುಜರಿ ಎಲ್ಲಾ ಸುತ್ತಿ, ಅಲ್ಲೂ ಸಿಗದೆ ಡೆಲ್ಲಿ ಮಾಯಾಪುರಿಗೆ ಫೋನ್ ಹಚ್ಚಬೇಕಾಗುತ್ತೆ, ಅಷ್ಟರಲ್ಲಿ ನಿಮ್ಮ ಕೊಯ್ಲು ಮುಗಿದಿರುತ್ತೆ.

ಹಳ್ಳ ದಾಟ್ತೀರಿ ಅಂದ್ರಲ್ಲ, ಅದನ್ನ ಹಗುರವಾಗಿ ತಗೋಬೇಡಿ. ಜೋಂಗಾ ಮತ್ತು ಹಳೇ ಮಹೀಂದ್ರಾ ಎರಡರಲ್ಲೂ ಡ್ರಮ್ ಬ್ರೇಕು, ನೀರಿಂದ ಎದ್ದು ಬಂದ ತಕ್ಷಣ ಪೆಡಲ್ ಒತ್ತಿದ್ರೆ ಬ್ರೇಕೇ ಇಲ್ಲದ ಹಾಗಿರುತ್ತೆ, ನಿಧಾನವಾಗಿ ಹೋಗ್ತಾ ಪೆಡಲ್ ಮೇಲೆ ಕಾಲಿಟ್ಟು ಒಣಗಿಸ್ಕೋಬೇಕು. ಜಿಪ್ಸಿಗೆ ಮುಂದೆ ಡಿಸ್ಕ್ ಇದೆ, ಆ ವಿಷಯದಲ್ಲಿ ಅದೇ ಮೇಲು. ಜಿಪ್ಸಿ ತೂಕ ಸುಮಾರು ಒಂದು ಟನ್ ಅಷ್ಟೇ ಇರೋದ್ರಿಂದ ಕೆಸರಲ್ಲಿ ಹೂತ್ರೂ ನಾಲ್ಕು ಜನ ಸೇರಿ ತಳ್ಳಿ ಎತ್ತಬಹುದು. ನಿಸ್ಸಾನ್ ಒನ್ ಟನ್ ಹೂತ್ರೆ ಟ್ರ್ಯಾಕ್ಟರ್ ಕರೀಬೇಕು, ಮಳೆಗಾಲದಲ್ಲಿ ಆ ಟ್ರ್ಯಾಕ್ಟರೂ ಹೂಳುತ್ತೆ.

ಹಾಗಾಗಿ ನನ್ನ ಮಾತು ಇಷ್ಟೇ: ನಿಮ್ಮ ತೋಟಕ್ಕೆ ಮೊದಲ ಆಯ್ಕೆ ಎಂಎಂ 550, ಡೀಸೆಲ್ ಜೀಪಿನ ಸದ್ದು ಮನೆಯೋರಿಗೆ ಆಗಲ್ಲ ಅಂದ್ರೆ, ಅಥವಾ ಅದೇ ಗಾಡೀಲಿ ಹಾಸನಕ್ಕೂ ಹೋಗಿ ಬರ್ಬೇಕು ಅಂದ್ರೆ ಜಿಪ್ಸಿ. ಮಾವನಿಗೆ ಬೇಜಾರಾಗ್ಬಹುದು, ಆದ್ರೂ ಜೋಂಗಾ ನಿಮ್ಮ ಕೆಲಸದ ಗಾಡಿ ಅಲ್ಲ.

ಪ್ರಶ್ನೆ: ನಾನು ಕೊಪ್ಪದಿಂದ ಬರೀತಿದೀನಿ. ನಮ್ಮ ಯಜಮಾನರು ಹರಾಜಲ್ಲಿ ಜಿಪ್ಸಿ ತುಂಬಾ ಕಡಿಮೆಗೆ ಸಿಗುತ್ತೆ, ಮಿಲಿಟರಿಯೋರು ಚೆನ್ನಾಗಿ ನೋಡ್ಕೊಂಡಿರ್ತಾರೆ, ಕಣ್ಣು ಮುಚ್ಚಿ ತಗೋಬಹುದು ಅಂತಾರೆ. ನನಗೆ ಧೈರ್ಯ ಬರ್ತಿಲ್ಲ. ನಿಜಾನಾ?

ಉತ್ತರ: ಅಮ್ಮಾ, ನಿಮ್ಮ ಅನುಮಾನ ಸರಿಯಾಗೇ ಇದೆ. ಸೇನೆಯಲ್ಲಿ ಇರೋವರೆಗೂ ಗಾಡಿಯನ್ನ ಟೈಮಿಗೆ ಸರಿಯಾಗಿ ಸರ್ವಿಸ್ ಮಾಡಿರ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹರಾಜಿಗೆ ಬರೋದು ರಿಪೇರಿ ಖರ್ಚು ದಂಡ ಅಂತ ಅವರೇ ತೀರ್ಮಾನ ಮಾಡಿದ ಗಾಡಿ. ಆ ತೀರ್ಮಾನ ಆದ ಮೇಲೆ ಅದು ಡಿಪೋ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತಿರುತ್ತೆ, ಪಕ್ಕದ ಗಾಡಿಗೆ ಬೇಕಾಯ್ತು ಅಂತ ಇದರ ಡೈನಮೋ, ಕಾರ್ಬುರೇಟರ್, ಬ್ಯಾಟರಿ ಕಳಚಿಕೊಂಡು ಹೋಗಿರ್ತಾರೆ. ಮೀಟರಲ್ಲಿ ಕಿಲೋಮೀಟರ್ ಕಡಿಮೆ ಇದೆ ಅಂತ ಖುಷಿ ಪಡಬೇಡಿ, ನಿಂತಲ್ಲೇ ಎಂಜಿನ್ ಓಡಿದ ಗಂಟೆಗಳು ಆ ಮೀಟರಿಗೆ ಬರಲ್ಲ, ನಿಂತೇ ಇದ್ದ ಗಾಡಿಯ ರಬ್ಬರು, ಸೀಲು, ಬ್ರೇಕ್ ಹೋಸ್ ಎಲ್ಲಾ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ.

ಹರಾಜು ಈಗ ಆನ್‌ಲೈನಲ್ಲಿ ನಡೆಯುತ್ತೆ, ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಕಂಪನಿ ಮೂಲಕ. ಮುಂಗಡ ಠೇವಣಿ ಕಟ್ಟಿ ಬಿಡ್ ಮಾಡ್ಬೇಕು, ಗಾಡಿ "ಇದ್ದಲ್ಲಿ ಇದ್ದ ಹಾಗೆ" ಮಾರಾಟ, ಆಮೇಲೆ ದೂರು ಹೇಳೋ ಹಾಗಿಲ್ಲ. ಕೆಲವು ಸಲ ಒಂದೇ ಲಾಟಲ್ಲಿ ಐದಾರು ಗಾಡಿ ಸೇರ್ಸಿರ್ತಾರೆ, ಒಂದು ಬೇಕಂದ್ರೆ ಒಂದು ಕೊಡಲ್ಲ, ಅದಕ್ಕೇ ದೊಡ್ಡ ವ್ಯಾಪಾರಿಗಳೇ ಹಿಡಿದು ನಮಗೆ ಬಿಡಿಬಿಡಿಯಾಗಿ ಮಾರೋದು. ಬಿಡ್ ಮೊತ್ತದ ಮೇಲೆ ಜಿಎಸ್‌ಟಿ, ಅಲ್ಲಿಂದ ಲಾರಿಲಿ ತರೋ ಖರ್ಚು, ಇಲ್ಲಿ ಬಂದ ಮೇಲೆ ಟೈರು, ಬ್ಯಾಟರಿ, ಬ್ರೇಕು, ಮೇಲಿನ ಕ್ಯಾನ್ವಾಸ್ ಹುಡ್ ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅದು ಕಡಿಮೆ ರೇಟು ಅನ್ಸುತ್ತಾ ನೋಡಿ.

ಇನ್ನೊಂದು ಮುಖ್ಯ ವಿಷಯ ನಿಮ್ಮ ಯಜಮಾನರಿಗೆ ಓದಿ ಹೇಳಿ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ಮುಂದುವರಿಸಲ್ಲ, ಗುಜರಿ ಕೇಂದ್ರಕ್ಕೇ ಕಳಿಸ್ಬೇಕು ಅಂತ ಕೇಂದ್ರದ ನಿಯಮ ಬಂದಿದೆ, ರಕ್ಷಣಾ ಕೆಲಸದ ಕೆಲವು ವಿಶೇಷ ಗಾಡಿಗಳಿಗೆ ಮಾತ್ರ ವಿನಾಯ್ತಿ. ಆದ್ದರಿಂದ ಲಾಟಿನ ವಿವರದಲ್ಲಿ ಗುಜರಿಗೆ ಅಂತ ಇದ್ಯಾ, ಓಡಿಸೋಕೆ ಅಂತ ಇದ್ಯಾ ಅನ್ನೋದನ್ನ ಮೊದಲು ಓದಿ. ಗುಜರಿಗೆ ಅಂತ ಇದ್ರೆ ಅದು ಎಷ್ಟು ಚೆನ್ನಾಗಿ ಕಂಡ್ರೂ ರಸ್ತೆಗೆ ಬರಲ್ಲ, ಬಿಟ್ಟುಬಿಡಿ. ಓಡಿಸೋಕೆ ಅಂತ ಇದ್ರೂ ಆ ವಿವರ ಪ್ರಿಂಟ್ ತಗೊಂಡು ನಿಮ್ಮ ಆರ್‌ಟಿಓ ಆಫೀಸಿಗೆ ಹೋಗಿ, ಇದನ್ನ ನನ್ನ ಹೆಸರಿಗೆ ನೋಂದಣಿ ಮಾಡ್ತೀರಾ, ಏನೇನು ಕಾಗದ ಬೇಕು ಅಂತ ಕೇಳಿ ಆಮೇಲೆ ಠೇವಣಿ ಕಟ್ಟಿ. ಸೇನೆಯಲ್ಲಿದ್ದಾಗ ಗಾಡಿಗೆ ಸೇನೆಯದೇ ನಂಬರ್, ಅಲ್ಲಿಂದ ಹೊರಗೆ ಬಂದ ಮೇಲೆ ನಾವು ಹೊಸದಾಗಿ ನೋಂದಣಿ ಮಾಡಿಸ್ಲೇಬೇಕು. ಡಿಪೋದ ಬಿಡುಗಡೆ ಪತ್ರ, ಮಾರಾಟದ ಬಿಲ್ಲು, ಅದರಲ್ಲಿ ಬರೆದ ಚಾಸಿ ನಂಬರು ಎಂಜಿನ್ ನಂಬರು, ಗಾಡಿ ಮೇಲೆ ಹೊಡೆದಿರೋ ನಂಬರು, ಎಲ್ಲಾ ಒಂದಕ್ಕೊಂದು ತಾಳೆ ಆಗ್ಬೇಕು.

ಇದನ್ನ ನಾನು ಒತ್ತಿ ಹೇಳೋಕೆ ಕಾರಣ ಇದೆ. ತುಂಬಾ ವರ್ಷದ ಹಿಂದೆ ನಾನೇ ಉತ್ತರದ ಕಡೆಯ ಒಬ್ಬ ವ್ಯಾಪಾರಿ ಹತ್ರ ಮಿಲಿಟರಿ ಜಿಪ್ಸಿ ಅಂತ ಒಂದು ತಗೊಂಡೆ, ಎಂಜಿನ್ ಚೆನ್ನಾಗಿತ್ತು, ಪೇಂಟ್ ಹೊಸದು, ಕಾಗದ ಆಮೇಲೆ ಕೊರಿಯರ್ ಮಾಡ್ತೀನಿ ಅಂದ್ರು, ನಂಬಿದೆ. ಕಾಗದ ಬಂತು, ಚಾಸಿ ನಂಬರಲ್ಲಿ ಕೊನೇ ಎರಡು ಅಂಕಿ ಬೇರೆ. ಎರಡು ಗಾಡಿ ಕತ್ತರಿಸಿ ಒಂದು ಮಾಡಿದ್ರು ಅಂತ ಆಮೇಲೆ ವೆಲ್ಡಿಂಗ್ ಗುರುತು ನೋಡಿ ಗೊತ್ತಾಯ್ತು. ನೋಂದಣಿ ಆಗ್ಲಿಲ್ಲ, ದುಡ್ಡೂ ವಾಪಸ್ ಬರ್ಲಿಲ್ಲ, ಶೆಡ್ಡಲ್ಲಿ ಮೂರು ಮಳೆಗಾಲ ನಿಂತು ಕೊನೆಗೆ ತೂಕಕ್ಕೆ ಹೋಯ್ತು. ಅವತ್ತು ಮನೇಲಿ ಆದ ನೋವು ಇನ್ಯಾರ ಮನೇಲೂ ಆಗೋದು ಬೇಡ.

ಗಾಡಿ ನೋಡೋಕೆ ಹೋಗುವಾಗ ಮಾಜಿ ಸೈನಿಕರೊಬ್ಬರನ್ನ, ಅದರಲ್ಲೂ ಇಎಂಇಯಲ್ಲಿ ಕೆಲಸ ಮಾಡಿದೋರು ಸಿಕ್ಕಿದ್ರೆ ಖಂಡಿತ ಕರ್ಕೊಂಡು ಹೋಗಿ, ಸೇನೆಯ ಗಾಡಿಗಳ ರಿಪೇರಿ ನೋಡ್ಕೊಳ್ಳೋದೇ ಆ ವಿಭಾಗ. ಮಲೆನಾಡಲ್ಲಿ, ಕೊಡಗಲ್ಲಿ ಅಂಥೋರು ಇಲ್ಲದ ಊರು ಕಡಿಮೆ. ಅವರು ಬಾನೆಟ್ ಎತ್ತೋ ಮುಂಚೆ ಗಾಡಿ ಅಡಿಗೆ ಮಲಗ್ತಾರೆ, ಲೀಫ್ ಪ್ಲೇಟಿನ ಹ್ಯಾಂಗರ್ ಹತ್ರ ಚಾಸಿಗೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳ್ತಾರೆ, ತುಕ್ಕು ಹಿಡಿದಿದ್ರೆ ಸದ್ದು ಬೇರೆ ಬರುತ್ತೆ. ಫೋರ್ ವೀಲ್ ಹಾಕಿ ತೋರ್ಸಿ ಅಂತ ಕೇಳಿ, ಲಿವರ್ ಬೀಳೋದು ಬೇರೆ ಮುಂದಿನ ಚಕ್ರ ನಿಜವಾಗ್ಲೂ ಎಳೆಯೋದು ಬೇರೆ, ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟೇ ಬಿಚ್ಚಿಟ್ಟಿರೋ ಗಾಡಿಗಳನ್ನ ನೋಡಿದೀನಿ. ಕರೆಂಟು 12 ವೋಲ್ಟಾ 24 ವೋಲ್ಟಾ ಅಂತಾನೂ ಕೇಳಿ, ಮಿಲಿಟರಿ ಗಾಡಿಗಳಲ್ಲಿ 24 ಇರೋದು ಸಾಮಾನ್ಯ, ಹಂಗಿದ್ರೆ ಬಲ್ಬಿಂದ ಹಿಡಿದು ಸ್ಟಾರ್ಟರ್‌ವರೆಗೆ ಎಲ್ಲಾ ಬೇರೆ. ಜಿಪ್ಸಿ 12, ಆ ತೊಂದ್ರೆ ಇಲ್ಲ. ಹಳೇ ಕಾರ್ಬುರೇಟರ್ ಜಿಪ್ಸಿ ಆದ್ರೆ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ತಂದ ದಿನವೇ ಬದಲಾಯ್ಸಿ, ಈಗಿನ ಎಥೆನಾಲ್ ಮಿಕ್ಸ್ ಪೆಟ್ರೋಲಿಗೆ ಆ ಕಾಲದ ರಬ್ಬರು ತಡೆಯಲ್ಲ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರೋದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಧೋನಿ ಜೋಂಗಾ ಓಡ್ಸೋ ಫೋಟೋ ನೋಡಿದಾಗಿಂದ ಅದೇ ಬೇಕು ಅನ್ಸಿದೆ. ತಿಂಗಳಿಗೆ ಎರಡು ಸಲ ಊರ ಹೊರಗೆ ಓಡಿಸ್ತೀನಿ ಅಷ್ಟೇ. ತಪ್ಪಾ?

ಉತ್ತರ: ತಪ್ಪೇನಿಲ್ಲ. ಮೇಲೆ ತೋಟದೋರಿಗೆ ಬೇಡ ಅಂದೆ, ನಿಮಗೆ ಬೇಡ ಅನ್ನಲ್ಲ, ಯಾಕಂದ್ರೆ ನಿಮ್ಮ ಹೊಟ್ಟೆಪಾಡು ಆ ಗಾಡಿ ಮೇಲೆ ನಿಂತಿಲ್ಲ. ಜೋಂಗಾ ಅನ್ನೋ ಹೆಸರೇ "ಜಬಲ್ಪುರ್ ಆರ್ಡ್ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ" ಅನ್ನೋ ಇಂಗ್ಲಿಷ್ ಹೆಸರಿನ ಅಕ್ಷರಗಳಿಂದ ಬಂದಿದ್ದು, ಗಾಡಿಯ ಮೂಲ ನಿಸ್ಸಾನ್ ಪೆಟ್ರೋಲ್, 60 ಸೀರೀಸ್. ಇಲ್ಲಿ ಪೆಟ್ರೋಲ್ ಅಂದ್ರೆ ಗಸ್ತು, ಇಂಧನ ಅಲ್ಲ. 1969ರಿಂದ 1999ರವರೆಗೆ ತಯಾರಾಯ್ತು, ಅಂದ್ರೆ ಕೊನೇ ಗಾಡಿಗೂ ಈಗ ಇಪ್ಪತ್ತೈದು ವರ್ಷ ದಾಟಿದೆ. ಹರಾಜಿನ ಆಸೆ ಬಿಡಿ, ಈಗಾಗ್ಲೇ ಕರ್ನಾಟಕದ ನಂಬರಲ್ಲಿ ಇರೋ, ಮೂಲ ಎಂಜಿನ್ನೇ ಉಳ್ಸಿಕೊಂಡಿರೋ, ಆರ್‌ಸಿ ರಿನ್ಯೂ ಆಗಿರೋ ಗಾಡಿ ಹುಡುಕಿ. ರೇಟ್ ಜಾಸ್ತಿ ಆದ್ರೂ ಪರ್ವಾಗಿಲ್ಲ. ಎಂಜಿನ್ ಬದಲಾಯ್ಸಿರೋದು ಆರ್‌ಸಿಯಲ್ಲಿ ಇಲ್ಲ ಅಂದ್ರೆ ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನೋರು ಅದನ್ನೇ ಮೊದಲು ನೋಡೋದು. ಪವರ್ ಸ್ಟೀರಿಂಗ್ ಇಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಒಂದು ಸಲ ಟ್ರಯಲ್ ಓಡ್ಸಿ ನೋಡಿ ಆಮೇಲೆ ಅಡ್ವಾನ್ಸ್ ಕೊಡಿ. ತಿಂಗಳಿಗೆ ಎರಡೇ ಸಲ ಅಂತೀರಲ್ಲ, ವಾರಕ್ಕೊಂದು ಸಲನಾದ್ರೂ ಹತ್ತು ಕಿಲೋಮೀಟರ್ ಓಡ್ಸಿ, ನಿಂತ ಗಾಡಿ ಕೆಡುತ್ತೆ.

ಪ್ರಶ್ನೆ: ನಮ್ಮ ತಂದೆ ಸೇನೆಯಲ್ಲಿದ್ದು ರಿಟೈರ್ ಆದೋರು. ಅವರ ನೆನಪಿಗೆ ತಗೊಂಡ ಹಳೇ ಜೀಪಿಗೆ ಅದೇ ಮಿಲಿಟರಿ ಹಸಿರು ಹೊಡೆಸಿ, ಬಾಣದ ಗುರುತಿನ ಹಳೇ ನಂಬರೂ ಬರೆಸ್ಬೇಕು ಅಂತಿದೀನಿ. ಮಡಿಕೇರಿ.

ಉತ್ತರ: ನಿಮ್ಮ ಭಾವನೆ ಅರ್ಥ ಆಗುತ್ತೆ, ಆದ್ರೂ ಎರಡೂ ಮಾಡಬೇಡಿ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆ ಗಾಡಿಗಳಿಗೆ ಮಾತ್ರ ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ, 121ನೇ ನಿಯಮ. ಮೇಲ್ಮುಖ ಬಾಣದ ನಂಬರ್ ಸೇನೆಯದು, ನಾಗರಿಕರ ಗಾಡಿ ಮೇಲೆ ಅದಿದ್ರೆ ಚೆಕ್‌ಪೋಸ್ಟಲ್ಲಿ ನಿಮ್ಮ ತಂದೆಯವರೇ ಇಳಿದು ವಿವರಣೆ ಕೊಡ್ಬೇಕಾಗುತ್ತೆ, ಅದು ಅವರಿಗೆ ಗೌರವ ಅಲ್ಲ. ಬೂದು ಬಣ್ಣನೋ, ಮರಳಿನ ಬಣ್ಣನೋ ಹೊಡೆಸಿ, ಬದಲಾದ ಬಣ್ಣವನ್ನ ಆರ್‌ಸಿಯಲ್ಲಿ ಸೇರಿಸಿ. ಆ ಹಳೇ ನಂಬರನ್ನ ಒಂದು ಹಲಗೆ ಮೇಲೆ ಬರೆಸಿ ಮನೆ ಜಗಲಿಯಲ್ಲಿ ಅವರ ಫೋಟೋ ಪಕ್ಕ ತೂಗುಹಾಕಿ.