ಫ್ಯಾನ್ ಫಿಕ್ಷನ್ ಬರೆದರೆ ಬರವಣಿಗೆ ಸುಧಾರಿಸುತ್ತಾ, ಇಲ್ಲಾ ಅದು ಬರೀ ನಕಲಾ?

ಖಂಡಿತ ಸುಧಾರಿಸುತ್ತೆ. ಬೇರೆಯವರ ಪಾತ್ರ ಇಟ್ಟುಕೊಂಡು ಹೊಸ ಕಥೆ ಬರೆಯೋದು ನಕಲು ಅನ್ನೋ ಮಾತನ್ನು ನಾನು ಒಪ್ಪಲ್ಲ. ನಾನು ಮುಧೋಳದವನು. ನಮ್ಮೂರಿನ ರನ್ನನನ್ನೇ ನೋಡಿ. ಪಂಪಭಾರತದ 13ನೇ ಆಶ್ವಾಸವನ್ನು ಹಿಡಿದು ‘ಗದಾಯುದ್ಧ’ ಕಟ್ಟಿದ. ಪಂಪನಿಗೆ ಅರ್ಜುನ ನಾಯಕ, ರನ್ನನಿಗೆ ಭೀಮ. ಯುದ್ಧ ಅದೇ, ಕಾವ್ಯ ಪೂರ್ತಿ ಬೇರೆ.

ಪಾತ್ರ, ಹಿನ್ನೆಲೆ ಓದುಗರಿಗೆ ಆಗಲೇ ಗೊತ್ತಿರುತ್ತೆ. ಹಾಗಾಗಿ ನೀವು ಒಂದೇ ವಿಷಯ ಕಲಿಯಬಹುದು, ಸಂಭಾಷಣೆ ಅಂದುಕೊಳ್ಳಿ. ತಪ್ಪಿದರೆ ತಕ್ಷಣ ಸಿಕ್ಕಿಬೀಳ್ತೀರಿ. ಒಮ್ಮೆ ನಾನು ದುರ್ಯೋಧನ ಕೊಳದಿಂದ ಎದ್ದು ಬರುವ ಸನ್ನಿವೇಶ ಬರೆದೆ. ‘ನನಗೆ ತುಂಬಾ ದುಃಖವಾಗಿದೆ’ ಅಂತ ಅವನ ಬಾಯಲ್ಲಿ ಹೇಳಿಸಿದ್ದೆ. ಜಮಖಂಡಿಯ ಗೆಳತಿ ಓದಿ, ‘ಅಂವ ಹಿಂಗ ಮಾತಾಡೂದಿಲ್ಲೋ’ ಅಂದಳು. ಆ ಸಾಲು ಹೊಡೆದುಹಾಕಿದೆ. ಅವನು ಒದ್ದೆ ಕೂದಲು ಹಿಂಡುತ್ತ, ಕರ್ಣ ನಿಲ್ಲುತ್ತಿದ್ದ ಕಡೆ ಒಮ್ಮೆ ತಿರುಗಿ ನೋಡುವ ಹಾಗೆ ಬರೆದೆ. ಈ ಸಲ ಅವಳು ಏನೂ ಅನ್ನಲಿಲ್ಲ, ಸುಮ್ನೆ ಮತ್ತೊಮ್ಮೆ ಓದಿದಳು. ನನಗೆ ಅದಕ್ಕಿಂತ ಜಾಸ್ತಿ ಖುಷಿ ಬೇರೆ ಇರಲಿಲ್ಲ.

ಶುರು ಮಾಡೋಕೆ ದೊಡ್ಡ ನಾಯಕ ಬೇಡ. ಮೂಲದಲ್ಲಿ ಎರಡೇ ಸಾಲು ಸಿಕ್ಕ ಪಾತ್ರ ಹಿಡಿಯಿರಿ. ಒಂದು ಸನ್ನಿವೇಶ, 500 ಪದ, ಸಾಕು. ಬರೆದದ್ದನ್ನು ಗಟ್ಟಿಯಾಗಿ ಓದಿ.

ಪುರಾಣದ ಪಾತ್ರಗಳಾದರೆ ತೊಂದರೆ ಇಲ್ಲ. ಈಗಿನ ಕಾದಂಬರಿಗಳದ್ದಾದರೆ ಹುಷಾರು: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಅಭ್ಯಾಸಕ್ಕೆ ಬರೆದುಕೊಳ್ಳಿ, ಅನುಮತಿ ಇಲ್ಲದೆ ಮಾರಬೇಡಿ.