ನಡುವಿನ ನಲವತ್ತು ನಿಮಿಷ

(ಗುರುತು ಸಿಗದಂತೆ ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ.)

ಸುರೇಶ್ ಅಂತ ಕರೆಯೋಣ. ವಯಸ್ಸು 42. 214 ದಿನ ಕುಡಿಯದೆ ಇದ್ದವರು ಒಂದು ಸಂಜೆ ಕುಡಿದರು. ಆ ಒಂದು ಸಂಜೆ ಒಂಬತ್ತು ದಿನಕ್ಕೆ ಎಳೆಯಿತು. ಹತ್ತನೇ ದಿನ ಬೆಳಿಗ್ಗೆ ಆಪ್ತಸಮಾಲೋಚಕಿಯಾದ ನನ್ನೆದುರು ಕೂತಿದ್ದರು. ಕೈ ನಡುಗುತ್ತಿತ್ತು. "ಇವತ್ತಿಂದ ಒಂದು ಹನಿ ಮುಟ್ಟಲ್ಲ ಮೇಡಂ. ಮನೇಲೇ ಬಿದ್ದು ನರಳ್ತೀನಿ. ನನಗೆ ಅದೇ ಶಿಕ್ಷೆ."

ಮಾತು ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಕಳಿಸಿದೆ. ದಿನವೂ ಜಾಸ್ತಿ ಕುಡಿಯುತ್ತಿದ್ದವರು ಥಟ್ಟನೆ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಬುದ್ಧಿ ಕಲಕಿ ಇಲ್ಲದ್ದೆಲ್ಲ ಕಾಣಿಸಬಹುದು. ಜೀವಕ್ಕೇ ಅಪಾಯ. ಶಿಕ್ಷೆ ಅಂತ ಒಬ್ಬರೇ ಅನುಭವಿಸುವಂಥದ್ದಲ್ಲ ಇದು.

ಚೇತರಿಸಿಕೊಂಡು ಮತ್ತೆ ಬಂದಾಗ ಒಂದು ಡೈರಿ ತಂದಿದ್ದರು. ದಿನಕ್ಕೊಂದು ಗೆರೆ, ಐದನೆಯದು ಅಡ್ಡಗೆರೆ. ಅಷ್ಟೂ ಗೆರೆಗಳ ಮೇಲೆ ಪೆನ್ನಿನಿಂದ ಗೀಚಿದ್ದರು. ಒಂದು ಕಡೆ ಹಾಳೆಯೇ ಹರಿದಿತ್ತು. ಕೆಳಗೆ ತಮಗೆ ತಾವೇ ಬರೆದುಕೊಂಡ ಬೈಗುಳ.

"ಎಲ್ಲ ಸೊನ್ನೆ ಆಯ್ತು" ಅಂದರು.

"ಹಾಗಾದ್ರೆ ಆ 214 ರಾತ್ರಿ ನೆಟ್ಟಗೆ ಮನೆಗೆ ಬಂದದ್ದು ಯಾರು?"

ಉತ್ತರ ಬರಲಿಲ್ಲ.

ಬೈಗುಳ ಬಿಟ್ಟು, ಆ ಸಂಜೆ ನಡೆದದ್ದನ್ನಷ್ಟೇ ಬರೆಯಲು ಹೇಳಿದೆ. ಮಹಜರು ಬರೆಯುತ್ತಾರಲ್ಲ, ಹಾಗೆ. ಬರೆದದ್ದು ಇಷ್ಟು: ಮಧ್ಯಾಹ್ನ ಊಟ ಇಲ್ಲ. ನಾಲ್ಕಕ್ಕೆ ಆಫೀಸಿನಲ್ಲಿ ಎಲ್ಲರೆದುರು ಬೈಸಿಕೊಂಡದ್ದು. ಏಳೂವರೆಗೆ ಗೆಳೆಯನ ಮನೆಯಲ್ಲಿ ಮೊದಲ ಗ್ಲಾಸ್. ಎಂಟು ಹತ್ತಕ್ಕೆ ಎರಡನೆಯದು.

"ನಡುವೆ ನಲವತ್ತು ನಿಮಿಷ ಇದೆಯಲ್ಲ. ಏನ್ ಮಾಡ್ತಿದ್ರಿ?"

ಬಾತ್‌ರೂಮಿನಲ್ಲಿದ್ದರಂತೆ. ಯಾರಿಗೂ ಕೇಳಿಸದಿರಲಿ ಅಂತ ನಲ್ಲಿ ಬಿಟ್ಟುಕೊಂಡು, 'ನಿನ್ನ ಯೋಗ್ಯತೆಯೇ ಇಷ್ಟು ಕಣೋ' ಅಂತ ತಮ್ಮನ್ನೇ ಬೈದುಕೊಳ್ಳುತ್ತಾ. ಹೊರಗೆ ಬರುವಾಗ ತಲೆಯಲ್ಲಿದ್ದದ್ದು ಒಂದೇ ಮಾತು: 'ಹೇಗೂ ಹೋಯ್ತಲ್ಲ.'

ಮೊದಲ ಗ್ಲಾಸಿಗೆ ಹಸಿವು, ಅವಮಾನ ಕಾರಣ ಇದ್ದೀತು. ಎರಡನೆಯದನ್ನು ಕುಡಿಸಿದ್ದು ಆ ಬೈಗುಳವೇ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ಇದನ್ನು ಬಿಡಿಸಿ ತೋರಿಸಿದ್ದರು. ಎಡವುವುದು ಬೇರೆ, ಉರುಳಿಬೀಳುವುದು ಬೇರೆ. ಎಡವಿದವನು 'ನಾನು ಇರೋದೇ ಹೀಗೆ' ಅಂದುಕೊಂಡರೆ ಎದ್ದು ನಿಲ್ಲಲು ಕಾರಣವೇ ಉಳಿಯುವುದಿಲ್ಲ.

"ನಿಮ್ಮ ತಮ್ಮ ಆ ಬಾತ್‌ರೂಮಿಂದ ನಿಮಗೆ ಫೋನ್ ಮಾಡಿದ್ರೆ ಏನಂತಿದ್ರಿ?"

ಯೋಚನೆಯನ್ನೇ ಮಾಡಲಿಲ್ಲ. "ಮೊದಲು ಅಲ್ಲಿಂದ ಎದ್ದು ಬಾರೋ. ಊಟ ಮಾಡು, ಮಲಕ್ಕೋ. ಬೆಳಿಗ್ಗೆ ನೋಡೋಣ."

ಅದನ್ನೇ ಅವರ ದನಿಯಲ್ಲಿ ಮೊಬೈಲಿಗೆ ರೆಕಾರ್ಡ್ ಮಾಡಿಸಿದೆ. ಕನ್ನಡಿ ಮುಂದೆ ನಿಲ್ಲಿಸಿ 'ನಾನು ತುಂಬಾ ಒಳ್ಳೆಯವನು' ಅನ್ನಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಅವರಂತೂ ಎದ್ದೇ ಹೋಗುತ್ತಿದ್ದರು.

ಅವರ ಹೆಂಡತಿ ಕೇಳಿದರು: "ತಮ್ಮನ್ನ ತಾವೇ ಕ್ಷಮಿಸಿಕೊಂಡ್ರೆ ಮತ್ತೆ ಕುಡಿಯೋಕೆ ಲೈಸೆನ್ಸ್ ಕೊಟ್ಟಂಗಲ್ವಾ ಮೇಡಂ?" ನ್ಯಾಯವಾದ ಪ್ರಶ್ನೆ. ಆಕೆ ಅನುಭವಿಸಿದ್ದು ಕಮ್ಮಿಯೇನಲ್ಲ. ಹಿಂದೊಮ್ಮೆ ಕುಡಿದ ಅಮಲಿನಲ್ಲಿ ಇವರು ಮಗಳನ್ನು ಶಾಲೆಯಿಂದ ಕರೆತರುವುದನ್ನೇ ಮರೆತಿದ್ದರು. ಕತ್ತಲಾಗುವವರೆಗೂ ಗೇಟಿನ ಹತ್ತಿರ ನಿಂತಿತ್ತು ಮಗು. ಅಂದಿನಿಂದ ನೆನಪಾದಾಗಲೆಲ್ಲ ಅವಳ ಮುಂದೆ ಅತ್ತು ಕ್ಷಮೆ ಕೇಳುವುದು. ಅವಳು 'ಹೋಗ್ಲಿ ಬಿಡಪ್ಪಾ' ಅಂತ ಕಣ್ಣೊರೆಸುವುದು. ಹನ್ನೊಂದು ವರ್ಷದ ಹುಡುಗಿಗೆ ಅಪ್ಪನನ್ನು ಸಮಾಧಾನ ಮಾಡುವ ಕೆಲಸ!

ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದೆ. ತಪ್ಪು ತಪ್ಪೇ. ಮಗಳಿಗೆ ಒಂದೇ ಸಲ, ಅಳದೆ, ನಡೆದದ್ದನ್ನು ನೇರವಾಗಿ ಹೇಳಿ. ಆಮೇಲೆ ದಿನಾ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ಇರಿ. ಕ್ಷಮಿಸುವುದು, ಬಿಡುವುದು ಅವಳಿಗೆ ಬಿಟ್ಟದ್ದು. ಬೈದುಕೊಳ್ಳುತ್ತಾ ಕೂತರೆ ಗೇಟಿಗೆ ಹೋಗುವವರು ಯಾರು?

ನಾಲ್ಕು ತಿಂಗಳ ಮೇಲೆ ಒಂದು ಸಮಾರಂಭದಲ್ಲಿ ಮತ್ತೆ ಅರ್ಧ ಗ್ಲಾಸ್ ಕುಡಿದರು. ಕೆಳಗಿಟ್ಟು, ಹೊರಗೆ ಬಂದು, ಫೋನ್ ಕಿವಿಗೆ ಹಿಡಿದರಂತೆ. "ನನ್ನ ದನಿ ಕೇಳಿ ನಗು ಬಂತು ಮೇಡಂ. ಥೇಟ್ ತಮ್ಮನಿಗೆ ಗದರಿಸಿದಂಗೇ ಇತ್ತು." ಮನೆಗೆ ಹೋಗಿ ಊಟ ಮಾಡಿ ಮಲಗಿದರು. ಬೆಳಿಗ್ಗೆ ವೈದ್ಯರಿಗೂ ನನಗೂ ಫೋನ್ ಬಂತು.

ಡೈರಿ ತೋರಿಸಿದರು. ಆ ದಿನದ ಜಾಗದಲ್ಲಿ ಒಂದು ಚುಕ್ಕೆ. ಪಕ್ಕದಲ್ಲೇ ಮಾರನೆಯ ದಿನದ ಗೆರೆ.