ಹಳೆ ಅಪಾರ್ಟ್‌ಮೆಂಟ್ ನವೀಕರಣ: ತಾರಸಿಯ ಮೇಲೆ ಹಾಲ್ ಬೇಕೇ?

ಪ್ರಶ್ನೆ: ನಮ್ಮದು ನಾಲ್ಕು ಮಹಡಿಯ, 35 ವರ್ಷ ಹಳೆಯ ಅಪಾರ್ಟ್‌ಮೆಂಟ್. ಅಕ್ಕಪಕ್ಕದವರ ಪರಿಚಯವೇ ಇಲ್ಲದಂತಾಗಿದೆ. ಸೋರಿಕೆ, ಲಿಫ್ಟ್ ರಿಪೇರಿಯ ಜೊತೆಗೇ ತಾರಸಿಯ ಮೇಲೆ ಹಾಲ್ ಕಟ್ಟಿಸಿದರೆ ಜನ ಬೆರೆಯುತ್ತಾರೆ ಎಂಬುದು ಸಂಘದ ಪದಾಧಿಕಾರಿಗಳ ವಾದ. ನೀವೇನು ಹೇಳುತ್ತೀರಿ?

ಉತ್ತರ: ಆ ದುಡ್ಡನ್ನು ಕೆಳಗೇ ಖರ್ಚು ಮಾಡಿ. ಹುಟ್ಟುಹಬ್ಬ, ವಾರ್ಷಿಕ ಸಭೆ ಬಿಟ್ಟರೆ ತಾರಸಿಯ ಹಾಲ್‌ಗೆ ಬೀಗವೇ ಗತಿ. ಅದೂ ಅಲ್ಲದೆ, ಇಷ್ಟು ಹಳೆಯ ಕಟ್ಟಡದ ತಲೆಯ ಮೇಲೆ ಹೊಸ ಭಾರ ಹೊರಿಸುವ ಮಾತನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕಂಬಗಳೊಳಗಿನ ಕಬ್ಬಿಣ ಪರೀಕ್ಷಿಸುವವರೆಗೆ ಎತ್ತಲೇಬಾರದು.

ಬೆರೆಯೋಣ ಎಂದು ಹೊರಟು ಯಾರೂ ಬೆರೆಯುವುದಿಲ್ಲ. ದಿನಾ ಹಾದುಹೋಗಲೇಬೇಕಾದ ಜಾಗದಲ್ಲಿ ಮುಖ ಪರಿಚಯವಾಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ದಂಪತಿಗಳ ವಸತಿಯಲ್ಲಿ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸಿದವರು ಶೇ 41. ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹೆಸರಿಸಿದವರು ಶೇ 10 ಮಾತ್ರ. ಇದಕ್ಕಿಂತ ಸ್ವಾರಸ್ಯದ ಸಂಗತಿ ಎಂದರೆ, ಮೆಟ್ಟಿಲ ಬುಡದ, ಅಂಚೆ ಡಬ್ಬಿಗಳ ಬಳಿಯ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರಿದ್ದರು.

ಹಾಗಾಗಿ ಪ್ರವೇಶದ್ವಾರ, ಲಿಫ್ಟ್ ಮುಂದಿನ ಜಾಗ, ಮೆಟ್ಟಿಲುಗಳಿಂದ ಶುರು ಮಾಡಿ. ಎಲ್ಲರ ಅಂಚೆ ಡಬ್ಬಿ ಒಂದೇ ಕಡೆ ಇರಲಿ, ಪಕ್ಕದಲ್ಲಿ ಕೈಚೀಲ ಇಡಲೊಂದು ಕಟ್ಟೆ, ಕೂರಲೊಂದು ಬೆಂಚು, ಒಳ್ಳೆಯ ಬೆಳಕು. ಗಾಲಿಕುರ್ಚಿಗೆ ರ‍್ಯಾಂಪ್ ಬೇಕೇಬೇಕು; ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ನೆಲಮಹಡಿಯಲ್ಲಿ ಹಳೆ ಸಾಮಾನು ತುಂಬಿದ ಕೋಣೆಯಿದ್ದರೆ ಖಾಲಿ ಮಾಡಿ, ಅಂಗಳದ ಕಡೆಗೆ ಬಾಗಿಲು ತೆರೆಯಿರಿ. ಆಮ್‌ಸ್ಟರ್‌ಡ್ಯಾಮ್‌ನ ಕ್ಲೈಬರ್ಗ್ ಎಂಬ ಬೃಹತ್ ಕಟ್ಟಡದ ನವೀಕರಣದಲ್ಲೂ ನೆಲಮಹಡಿಯ ಉಗ್ರಾಣಗಳನ್ನು ಮೇಲಕ್ಕೆ ಸಾಗಿಸಿ, ಆ ಜಾಗವನ್ನು ಮನೆ, ಕಚೇರಿಗಳಿಗೆ ಬಿಟ್ಟುಕೊಟ್ಟರು. ಬಣ್ಣ ಬಳಿಯುವುದು ಕೊನೆಗೆ.

ಆದರೆ ಇದೆಲ್ಲಕ್ಕೂ ಮೊದಲು ಸೋರಿಕೆ ನಿಲ್ಲಬೇಕು. ಮೇಲಿನವರ ಬಚ್ಚಲ ನೀರು ಕೆಳಗಿನವರ ಅಡುಗೆಮನೆಗೆ ತೊಟ್ಟಿಕ್ಕುತ್ತಿರುವಾಗ ಬೆಂಚು ಹಾಕಿ ಏನು ಫಲ? ಯಾವ ಪೈಪು ಸಂಘದ್ದು, ಯಾವುದು ಮನೆಯವರದ್ದು ಎಂಬುದನ್ನು ಬರೆದಿಟ್ಟುಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೆಲಸದ ನೆಪದಲ್ಲಿ ಯಾರನ್ನೂ ಮನೆ ಬಿಡಿಸಬೇಡಿ. ಫ್ರಾನ್ಸ್‌ನ ಬೋರ್ಡೊದಲ್ಲಿ 530 ಹಳೆ ಮನೆಗಳಿಗೆ ಬಿಸಿಲ ಬಾಲ್ಕನಿ ಜೋಡಿಸಿ ದೊಡ್ಡದು ಮಾಡಿದರು. ನಿವಾಸಿಗಳು ಅಲ್ಲಲ್ಲೇ ಇದ್ದರು. ಆ ಕೆಲಸಕ್ಕೆ 2019ರಲ್ಲಿ ಐರೋಪ್ಯ ಒಕ್ಕೂಟದ ಮೀಸ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು. ಬಾಡಿಗೆದಾರರನ್ನೂ ಸಭೆಗೆ ಕರೆಯಿರಿ. ಮಾಲೀಕರಲ್ಲ ಎಂದು ಬಿಟ್ಟುಬಿಡುವ ಸಂಘಗಳೇ ಹೆಚ್ಚು, ಮೆಟ್ಟಿಲು ಹತ್ತಿಳಿಯುವವರು ಅವರೇ ತಾನೆ?

ಬೆಂಚನ್ನು ಸಿಮೆಂಟಿನಲ್ಲಿ ಕಟ್ಟಿಸುವ ಮುನ್ನ ಒಂದು ತಿಂಗಳು ಎರಡು ಕುರ್ಚಿ ಇಟ್ಟು ನೋಡಿ. ಯಾರದೇ ಮಲಗುವ ಕೋಣೆಯ ಕಿಟಕಿಯ ಕೆಳಗೆ ಮಾತ್ರ ಬೇಡ. ರಾತ್ರಿ ಹತ್ತರ ಹರಟೆ ಹೊಸ ದೂರಿಗೆ ದಾರಿ.